ಮನೆಗಾಡಿ ಮಲೆನಾಡಲ್ಲಿ ಸ್ಟಾರ್ಟ್ ಆಗದಿದ್ದಾಗ: ನಮ್ಮ ಅನುಭವ

ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯನ್ನು ಒಳಗೇ ತಂಗಲು ಆಗುವಂಥ ಮನೆಗಾಡಿ ಮಾಡಿಸಿಕೊಂಡವರೊಬ್ಬರು ಕೇಳಿದ್ದಾರೆ. ತೀರ್ಥಹಳ್ಳಿ ದಾಟಿ ಆಗುಂಬೆ ಹತ್ತಿರ ರಾತ್ರಿ ತಂಗಿದ್ದರಂತೆ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆಗಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಮೆಕ್ಯಾನಿಕ್ ಬರುವಷ್ಟರಲ್ಲಿ ಮಧ್ಯಾಹ್ನ. ಮುಂದಿನ ತಿಂಗಳು ಅಪ್ಪ, ಅಮ್ಮನನ್ನು ಕರೆದುಕೊಂಡು ಮತ್ತೆ ಹೊರಡಬೇಕು, ಏನೇನು ಗೊತ್ತಿರಬೇಕು ಅಂತ ಅವರ ಪ್ರಶ್ನೆ.

ನಾನು ಸಾಗರದವನು. ಆರು ವರ್ಷದಿಂದ ಇಂಥದ್ದೇ ಡೀಸೆಲ್ ಗಾಡಿ ಓಡಿಸುತ್ತಿದ್ದೇನೆ. ನನ್ನ ಅನುಭವದ ಜೊತೆ ನಮ್ಮ ಭಾವನದ್ದು, ಕೊಪ್ಪದ ಒಬ್ಬ ಗೆಳತಿಯದ್ದು ಸೇರಿಸಿ ಬರೆಯುತ್ತಿದ್ದೇನೆ.

ನೀವು ಒಂದು ವಿಷಯ ಹೇಳಿಲ್ಲ. ಕೀ ತಿರುಗಿಸಿದಾಗ ಏನು ಶಬ್ದ ಬಂತು? ಎಲ್ಲ ಇರುವುದು ಅದರಲ್ಲೇ. ಸೆಲ್ಫ್ (ಇಂಜಿನ್ ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರ್) ತಿರುಗದೇ ಇರುವುದು ಬೇರೆ ಕಾಯಿಲೆ, ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದೇ ಇರುವುದು ಬೇರೆ ಕಾಯಿಲೆ. ಮೊದಲನೆಯದು ಕರೆಂಟಿಂದು, ಎರಡನೆಯದು ಬಹುಪಾಲು ಡೀಸೆಲ್‌ದು. ಇದನ್ನು ಗುರುತಿಸದೆ ಸುಮ್ನೆ ಕೀ ತಿರುಗಿಸುತ್ತಾ ಹೋದರೆ ಇದ್ದ ಬ್ಯಾಟರಿಯೂ ಖಾಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಮತ್ತೆ ಹೊಡೆಯುವ ಮುಂಚೆ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ನನಗೆ ಆಗಿದ್ದು ಜುಲೈ ತಿಂಗಳಲ್ಲಿ, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನಿಂದ ನಿಟ್ಟೂರಿಗೆ ಹೋಗುವ ದಾರಿಯಲ್ಲಿ. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಹೆಡ್‌ಲೈಟ್ ಹಾಕಿಕೊಂಡು ಮತ್ತೆ ತಿರುಗಿಸಿದೆ. ಲೈಟು ಬೀಡಿ ಕೆಂಡದ ಹಾಗೆ ಕೆಂಪಗಾಗಿ ಆರಿಹೋಯಿತು. ಬ್ಯಾಟರಿ ಸತ್ತಿದೆ ಅಂತ ತಿಳಿದು ಎರಡು ಗಂಟೆ ಮಳೆ ನೋಡುತ್ತಾ ಕೂತೆವು. ಅಡಿಕೆ ತೋಟದಿಂದ ಒಬ್ಬ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು. ಏನೂ ಕೇಳಲಿಲ್ಲ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಹಿಡಿದು ತಿರುಗಿಸಿ ನೋಡಿದರು. ಅದು ಕೈಯಲ್ಲೇ ತಿರುಗಿತು! ರಬ್ಬರ್ ಮುಚ್ಚಳ ಎತ್ತಿದರೆ ಒಳಗೆ ಹಸಿರು ಮಿಶ್ರಿತ ಬಿಳಿ ಪುಡಿ, ವೀಳ್ಯದೆಲೆಗೆ ಹಚ್ಚಿದ ಸುಣ್ಣ ಒಣಗಿದ ಹಾಗೆ ಕಟ್ಟಿಕೊಂಡಿತ್ತು. ಅವರ ಮನೆಯಿಂದಲೇ ಬಿಸಿನೀರು ಬಂತು. ಟರ್ಮಿನಲ್ ಬಿಚ್ಚಿ, ನೀರು ಹಾಕಿ ತೊಳೆದು, ಒರೆಸಿ, ಸೀಸ ಹೊಳೆಯುವ ತನಕ ಚಾಕುವಿನಲ್ಲಿ ಕೆರೆದು, ಬಿಗಿ ಮಾಡಿ ಕೂರಿಸಿದೆವು. ಸೆಲ್ಫ್ ಸರಾಗವಾಗಿ ತಿರುಗಿತು, ಒಂದೇ ಸಲಕ್ಕೆ ಸ್ಟಾರ್ಟ್. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಈ ಪುಡಿ ಬೇಗ ಕಟ್ಟುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದನ್ನು ಮರೆಯಬೇಡಿ. ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಗುಲಿ ಕಿಡಿ ಹಾರುವುದು ತಪ್ಪುತ್ತದೆ.

ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ರಾತ್ರಿ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12ಕ್ಕೆ ಬಂದರೆ ಮುಗಿದ ಹಾಗೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ತಾಕತ್ತಿಲ್ಲ. ಲೈಟು ಮಂಕಾಗದೆ ಒಂದೇ ಒಂದು ಟಕ್ ಅಂತ ಬಂದು ನಿಂತರೆ ಸೆಲ್ಫ್ ಮೋಟರ್ ಕಡೆ ನೋಡಿ. ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ಅದರ ಮೇಲೆ ಮರದ ತುಂಡಿನಿಂದ ಮೆಲ್ಲಗೆ ಬಡಿದರೆ ಎಷ್ಟೋ ಸಲ ಎದ್ದುಬಿಡುತ್ತದೆ. ಬಡಿಯುವ ಮುಂಚೆ ಗಾಡಿ ನ್ಯೂಟ್ರಲ್‌ನಲ್ಲಿ ಇರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಶಬ್ದವೇ ಇಲ್ಲ, ಲೈಟು ಚೆನ್ನಾಗಿದೆ ಅಂದರೆ ಫ್ಯೂಸ್, ರಿಲೇ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) ನೋಡಿ.

ಇನ್ನು ಮನೆಗಾಡಿಯದ್ದೇ ಆದ ತೊಂದರೆ. ನಿಮ್ಮದೂ ಇದೇ ಇರಬಹುದು ಅಂತ ನನ್ನ ಊಹೆ. ಫ್ರಿಜ್, ಫ್ಯಾನ್, ಒಳಗಿನ ಲೈಟು ಎಲ್ಲವನ್ನೂ ಇಂಜಿನ್ ಬ್ಯಾಟರಿಗೇ ಸೇರಿಸಿ ಕೊಟ್ಟಿರುತ್ತಾರೆ. ಕೊಪ್ಪದ ಗೆಳತಿಯ ಗಾಡಿಯಲ್ಲಿ ಹಾಗೇ ಆಗಿತ್ತು. ರಾತ್ರಿಯಿಡೀ ಫ್ರಿಜ್ ಓಡಿ ಬೆಳಿಗ್ಗೆ ಸೆಲ್ಫ್‌ಗೆ ಏನೂ ಉಳಿದಿರಲಿಲ್ಲ. ಒಳಗಿನ ಸಾಮಾನಿಗೆ ಬೇರೆಯೇ ಒಂದು ಮನೆ ಬ್ಯಾಟರಿ ಇಟ್ಟು, ಇಂಜಿನ್ ನಿಂತ ಕೂಡಲೇ ಎರಡು ಬ್ಯಾಟರಿಯನ್ನು ಬೇರೆ ಮಾಡುವ ಐಸೊಲೇಟರ್ ಹಾಕಿಸಿ. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಆಗ ಮನೆ ಬ್ಯಾಟರಿ ಕೈ ಕೊಟ್ಟರೂ ಗಾಡಿ ಹೊರಡುತ್ತದೆ. ಇಂಜಿನ್ ಬ್ಯಾಟರಿ ಕೈ ಕೊಟ್ಟರೆ ಮನೆ ಬ್ಯಾಟರಿಯಿಂದ ದಪ್ಪ ಕೇಬಲ್ ಕೊಟ್ಟು ಎಬ್ಬಿಸಬಹುದು. ಮನೆ ಬ್ಯಾಟರಿ ಲಿಥಿಯಂ ಆಗಿದ್ದರೆ ಮಾತ್ರ ಹೀಗೆ ಮಾಡಬೇಡಿ. ಅಷ್ಟು ಲೋಡ್ ಬಂದಾಗ ಅದರೊಳಗಿನ ರಕ್ಷಣೆ ಕರೆಂಟನ್ನೇ ಕತ್ತರಿಸಬಹುದು. ನಮ್ಮ ಕಡೆ ಟ್ರ್ಯಾಕ್ಟರ್, ಪಿಕಪ್ ಇಲ್ಲದ ಊರೇ ಇಲ್ಲ, ಅಲ್ವಾ? ಅವೂ 12 ವೋಲ್ಟೇ, ಅವುಗಳ ಬ್ಯಾಟರಿಯಿಂದಲೂ ಕೇಬಲ್ ಕೊಟ್ಟು ಎಬ್ಬಿಸಬಹುದು. ದೊಡ್ಡ ಲಾರಿ, ಬಸ್ಸು 24 ವೋಲ್ಟ್ ಇರುತ್ತವೆ, ಅದರಿಂದ ತಗೋಬೇಡಿ. ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರಕ್ಕೆ.

ಸೆಲ್ಫ್ ಜೋರಾಗಿ ತಿರುಗಿಯೂ ಹಿಡಿಯದಿದ್ದದ್ದು ಭಾವನ ಪಿಕಪ್. ಹಿಂದಿನ ಸಂಜೆ ಒಂದು ಬಂಕಿನಲ್ಲಿ ಡೀಸೆಲ್ ಹಾಕಿಸಿದ್ದ, ಜೋರು ಮಳೆ ಬೇರೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿ ಖಾಲಿ ನೀರಿನ ಬಾಟಲಿಗೆ ಹಿಡಿದ. ಐದು ನಿಮಿಷ ಬಿಟ್ಟು ನೋಡಿದರೆ ಬಾಟಲಿಯಲ್ಲಿ ಎರಡು ಪದರ: ಮೇಲೆ ಡೀಸೆಲ್, ಕೆಳಗೆ ಎರಡು ಬೆರಳು ನೀರು. ಬರೀ ಡೀಸೆಲ್ ಬರುವ ತನಕ ಬಿಟ್ಟು, ತಿರುಪು ಮುಚ್ಚಿ, ಫಿಲ್ಟರ್ ಮೇಲಿನ ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದ. ನಾಲ್ಕನೇ ಸಲಕ್ಕೆ ಇಂಜಿನ್ ಹಿಡಿಯಿತು. ಟ್ಯಾಂಕ್ ಪೂರ್ತಿ ಖಾಲಿಯಾಗಿ ಗಾಳಿ ಹಿಡಿದಾಗಲೂ ಇದೇ ಹ್ಯಾಂಡ್ ಪಂಪ್ ಗತಿ. ಟ್ಯಾಂಕ್ ಅರೆಬರೆ ಇದ್ದರೆ ಖಾಲಿ ಜಾಗದ ಗಾಳಿಯಲ್ಲಿರುವ ತೇವವೇ ನೀರಾಗಿ ಇಳಿಯುತ್ತದೆ. ಅದಕ್ಕೆ ಮಳೆಗಾಲದಲ್ಲಿ ತಂಗುವ ಮುಂಚೆ ಟ್ಯಾಂಕ್ ತುಂಬಿಸಿ.

ಚಳಿಗಾಲದ ಬೆಳಗಿನ ಜಾವ ಹೀಟರ್ ಲೈಟು (ಇಂಜಿನ್ ಒಳಗೆ ಬಿಸಿ ಮಾಡುವ ಹೀಟರಿನದ್ದು, ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತುತ್ತದೆ) ಆರುವ ತನಕ ಕಾದು ಆಮೇಲೆ ಸೆಲ್ಫ್ ಹೊಡೆಯಿರಿ. ತೋಟದ ಪಕ್ಕ ಎರಡು ದಿನ ನಿಲ್ಲಿಸಿದ್ದರೆ ಇಲಿ ವೈರ್ ಕಡಿದಿದೆಯಾ ಅಂತ ಬಾನೆಟ್ ಎತ್ತಿ ಒಂದು ಸಲ ನೋಡಿ.

ಕೆಲವು ಕೆಲಸ ಮಾಡಲೇಬೇಡಿ. ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವವರಿದ್ದಾರೆ. ಒಳಗೆ ಹೀಟರ್ ಕೆಂಪಗಿದ್ದರೆ ಇಂಜಿನ್ನೇ ಒಡೆಯಬಹುದು. ಡೀಸೆಲನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸುವ ಹೊಸ ಕಾಮನ್ ರೈಲ್ ಇಂಜಿನ್ನಿನ ಇಂಜೆಕ್ಟರ್ ಪೈಪ್ ಬಿಚ್ಚಬೇಡಿ. ಅದರ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಗಾಡಿ ಉರುಳಿಸಿ ಸ್ಟಾರ್ಟ್ ಮಾಡುವ ಯೋಚನೆ ಬೇಡವೇ ಬೇಡ. ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಇಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ತುಂಬಾ ಭಾರವಾಗುತ್ತದೆ. ಅಪ್ಪ, ಅಮ್ಮ ಹಿಂದೆ ಕೂತಿರುತ್ತಾರೆ.

ಒಂದು ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಳ್ಳಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಸಿಗ್ನಲ್ಲೇ ಇಲ್ಲದಿದ್ದರೆ ಹೋಗುವ ಬಸ್ಸಿನ ಡ್ರೈವರ್ ಕೈಲಿ ಚೀಟಿ ಕೊಡಿ, ಮುಂದಿನ ಊರಿನ ಗ್ಯಾರೇಜಿಗೆ ಮುಟ್ಟಿಸುತ್ತಾರೆ. ಚೀಟಿಯಲ್ಲಿ ಬರೀ "ಸ್ಟಾರ್ಟ್ ಆಗ್ತಿಲ್ಲ" ಅಂತ ಬರೆಯಬೇಡಿ. ಸೆಲ್ಫ್ ತಿರುಗುತ್ತದೋ ಇಲ್ಲವೋ ಬರೆಯಿರಿ. ಬ್ಯಾಟರಿ ತರಬೇಕೋ ಫಿಲ್ಟರ್ ತರಬೇಕೋ ಅಂತ ಮೆಕ್ಯಾನಿಕ್‌ಗೆ ಗೊತ್ತಾಗಲಿ.

ಹೊರಡುವ ವಾರ ಒಂದು ಸಂಜೆ ಮನೆಯಂಗಳದಲ್ಲೇ ಟರ್ಮಿನಲ್ ಬಿಚ್ಚಿ ಹಾಕಿ, ಫಿಲ್ಟರ್ ನೀರು ಬಿಟ್ಟು ನೋಡಿ. ಗಾಡಿ ಯಾವ ವರ್ಷದ್ದು, ಮನೆ ಬ್ಯಾಟರಿ ಯಾವ ಬಗೆಯದ್ದು, ಆ ದಿನ ಯಾವ ಶಬ್ದ ಬಂತು ಅಂತ ನೆನಪು ಮಾಡಿಕೊಂಡು ಬರೆಯಿರಿ. ಭಾವನನ್ನೂ ಕೇಳಿ ಉತ್ತರ ಕೊಡುತ್ತೇನೆ.