ಬಳಸಿದ ಸರಕು ವ್ಯಾನ್: ಕಡಿಮೆ ಓಡಿದ್ದು ಮೇಲೋ, ಹೆದ್ದಾರಿಯಲ್ಲಿ ಹೆಚ್ಚು ಓಡಿದ್ದು ಮೇಲೋ?

ಪ್ರಶ್ನೆ

ಸರಕು ಸಾಗಣೆಗಾಗಿ ಬಳಸಿದ ಡೀಸೆಲ್ ವ್ಯಾನ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದಿವೆ. ಮೊದಲನೆಯದು ಎಂಟು ವರ್ಷ ಹಳೆಯದು, ಮೀಟರ್ 90,000 ಕಿಲೋಮೀಟರ್ ತೋರಿಸುತ್ತಿದೆ, ಇಷ್ಟೂ ಕಾಲ ನಗರದೊಳಗೆ ಪಾರ್ಸೆಲ್ ಹಂಚಿದೆ. ಎರಡನೆಯದು ಆರು ವರ್ಷದ್ದು, 2,10,000 ಕಿಲೋಮೀಟರ್ ಓಡಿದೆ, ಆದರೆ ಬಹುಪಾಲು ಹೆದ್ದಾರಿಯಲ್ಲಿ. ಎರಡರಲ್ಲೂ ಎಂಜಿನ್ ಒಂದೇ. ಟರ್ಬೊ, ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್), ಮ್ಯಾನ್ಯುಯಲ್ ಗೇರ್ ಇವೆ, ಹಿಂದಿನ ಚಕ್ರಗಳಿಗೆ ಚಾಲನೆ. ಕಡಿಮೆ ಓಡಿದ್ದನ್ನೇ ಆರಿಸಬೇಕೆಂದು ಮನಸ್ಸು ಹೇಳುತ್ತಿದೆಯಾದರೂ, ಇಂತಹ ವಾಹನಗಳಲ್ಲಿ ಸಾಮಾನ್ಯವಾಗಿ ಯಾವ ಭಾಗಗಳು ಮೊದಲು ಕೈಕೊಡುತ್ತವೆ, ಕೊಳ್ಳುವ ಮೊದಲೇ ಅವನ್ನು ಗುರುತಿಸುವುದು ಹೇಗೆ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೀಟರ್ ತೋರಿಸುವುದು ಚಕ್ರ ಉರುಳಿದ ದೂರವನ್ನು ಮಾತ್ರ. ಎಂಜಿನ್ ಎಷ್ಟು ಗಂಟೆ ನಡೆದಿದೆ, ಎಷ್ಟು ಬಾರಿ ತಣ್ಣಗಿದ್ದಾಗಲೇ ಸ್ಟಾರ್ಟ್ ಆಗಿದೆ, ಕ್ಲಚ್ಚನ್ನು ಎಷ್ಟು ಸಲ ತುಳಿಯಲಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಹೆದ್ದಾರಿಯ ವ್ಯಾನ್ ಒಂದೇ ಗೇರಿನಲ್ಲಿ ಗಂಟೆಗಟ್ಟಲೆ ಓಡುವಾಗ, ಪಾರ್ಸೆಲ್ ಹಂಚುವ ವ್ಯಾನ್ ಕೆಲವೇ ನೂರು ಮೀಟರಿಗೊಮ್ಮೆ ನಿಂತು ಹೊರಡುತ್ತದೆ. ಹಾಗಾಗಿ ನಿಮ್ಮ ಮೊದಲ ವ್ಯಾನಿನಲ್ಲಿ ಕ್ಲಚ್, ಸ್ಟಾರ್ಟರ್ ಮೋಟರ್, ಮುಂದಿನ ಬ್ರೇಕ್ ಡಿಸ್ಕುಗಳು, ಪಕ್ಕದ ಜಾರುಬಾಗಿಲಿನ ರೋಲರುಗಳು, ಚಾಲಕನ ಬಾಗಿಲಿನ ಕೀಲುಗಳು ಕಿಲೋಮೀಟರಿಗೆ ಮೀರಿ ಸವೆದಿರುವ ಸಾಧ್ಯತೆಯೇ ಹೆಚ್ಚು.

ಕ್ಲಚ್ ಪರೀಕ್ಷೆ ಸುಲಭ. ಎತ್ತರದ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿರಿ. ವೇಗ ಏರದೆ ಎಂಜಿನ್ನಿನ ಸುತ್ತು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ಗಡಗಡ ಶಬ್ದ ಬಂದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಕ್ಲಚ್ ಕೂರುವ, ಎಂಜಿನ್ನಿನ ಕಂಪನ ತಗ್ಗಿಸುವ ಭಾರದ ಚಕ್ರ) ಸಡಿಲವಾಗಿರಬಹುದು. ಇದರ ರಿಪೇರಿ ಕ್ಲಚ್ ಪ್ಲೇಟಿಗಿಂತ ದುಬಾರಿ, ಆದ್ದರಿಂದ ಚೌಕಾಸಿಗೆ ಮೊದಲೇ ತಿಳಿದಿರಬೇಕು.

ನಗರದ ವ್ಯಾನಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿರುವುದು ಡಿಪಿಎಫ್ ಮೇಲೆ. ಅದರಲ್ಲಿ ಸೇರಿದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆ ಶಾಖ ಒಂದಷ್ಟು ಹೊತ್ತು ಉಳಿಯಲೂ ಬೇಕು. ನಿಂತು ನಿಂತು ಓಡುವ ವಾಹನಕ್ಕೆ ಅಂತಹ ಅವಕಾಶ ಸಿಗುವುದೇ ಅಪರೂಪ. ಇದೇ ಬಗೆಯ ಓಡಾಟದಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿಗೂ ಮಸಿ ಕಟ್ಟಿ, ಎಳೆತ ಕುಗ್ಗಿ, ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ಓಟ) ಏರುಪೇರಾಗುತ್ತದೆ.

ಉತ್ತರ 2

ಮೇಲಿನ ಮಾತು ಸರಿಯೇ, ಆದರೆ ಅದನ್ನು ಓದಿ ಹೆದ್ದಾರಿಯ ವ್ಯಾನನ್ನು ಕಣ್ಣುಮುಚ್ಚಿ ಕೊಳ್ಳಬೇಡಿ. ಎರಡು ಲಕ್ಷ ದಾಟಿದ ಡೀಸೆಲ್ ಎಂಜಿನ್ನಿನಲ್ಲಿ ಮೊದಲು ಕೇಳಬೇಕಾದುದು ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು, ಅದಕ್ಕೆ ಬಿಲ್ ಇದೆಯೇ ಎಂದು. ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಬೆಲ್ಟಿನ ಬದಲು ಚೈನ್ ಇದ್ದರೂ ನಿಶ್ಚಿಂತೆಯಿಲ್ಲ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಕರಕರ ಸದ್ದು ಬಂದರೆ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ ಎಂದು ಶಂಕಿಸಬೇಕು.

ನೋಡಲು ಹೋಗುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದೇ ಮೇಲು, ಏಕೆಂದರೆ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಶಾಖ ಕೊಡುವ ಭಾಗ), ಇಂಜೆಕ್ಟರ್, ಕಂಪ್ರೆಷನ್ ಇವುಗಳ ದೋಷವನ್ನು ಬಿಸಿ ಎಂಜಿನ್ ಸಲೀಸಾಗಿ ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ; ಕಪ್ಪು ಹೊಗೆ ಗಾಳಿಗೆ ಮೀರಿ ಡೀಸೆಲ್ ಹೋಗುತ್ತಿರುವುದನ್ನು ಸೂಚಿಸುತ್ತದೆ; ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯ ಜೊತೆಗೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನಪಡಬೇಕು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಹೊಗೆ ರಭಸವಾಗಿ ಉಗುಳಿದರೆ ಮೆಕ್ಯಾನಿಕ್ಕುಗಳು ಬ್ಯಾಕ್ ಕಂಪ್ರೆಷನ್ ಎನ್ನುವ ತೊಂದರೆ (ಸಿಲಿಂಡರಿನ ಅನಿಲ ಪಿಸ್ಟನ್ ಪಕ್ಕದಿಂದ ಕೆಳಗೆ ಸೋರುವುದು) ಇದೆ ಎಂದರ್ಥ. ಅಂಥ ವ್ಯಾನನ್ನು ನಾನಾದರೆ ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೊದಲ ವ್ಯಾನಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿದಾಗ ಆಯಿಲ್ ಗರಿಷ್ಠ ಗುರುತಿಗಿಂತ ಸಾಕಷ್ಟು ಮೇಲಿತ್ತು. ಮಾಲೀಕರು ಸರ್ವೀಸಿನಲ್ಲಿ ಸ್ವಲ್ಪ ಹೆಚ್ಚು ಸುರಿದಿದ್ದಾರೆ, ಅಷ್ಟೇ ಎಂದರು. ನಂಬಬಹುದೇ?

ಉತ್ತರ 1

ಹಾಗೂ ಇರಬಹುದು, ಆದರೆ ನಗರದ ಓಟ ಮತ್ತು ಡಿಪಿಎಫ್ ಎರಡೂ ಸೇರಿದಾಗ ಬೇರೊಂದು ಕಾರಣ ಹೆಚ್ಚು ಸಂಭವನೀಯ. ಮಸಿ ಸುಡಲು ಹಲವು ಎಂಜಿನ್ನುಗಳು ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತವೆ. ಆ ಕ್ರಿಯೆ ಮುಗಿಯುವ ಮೊದಲೇ ಮತ್ತೆ ಮತ್ತೆ ಎಂಜಿನ್ ಆಫ್ ಆದರೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದಿಳಿದು ಆಯಿಲ್‌ಗೆ ಸೇರಿ ಮಟ್ಟ ಏರುತ್ತದೆ. ತೆಳುವಾದ ಆಯಿಲ್ ಬೇರಿಂಗುಗಳನ್ನೂ ಟರ್ಬೊವನ್ನೂ ಸವೆಸುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನ ಮಸಿಯ ಪ್ರಮಾಣವನ್ನೂ, ದೋಷ ಸಂಕೇತಗಳನ್ನು ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬುದನ್ನೂ ಓದಿಸಿ. ಆ ದೂರ ಹತ್ತಾರು ಕಿಲೋಮೀಟರ್ ಮಾತ್ರವಾಗಿದ್ದರೆ, ಮಾರುವ ಮುನ್ನ ಯಾರೋ ಎಚ್ಚರಿಕೆಯ ದೀಪವನ್ನು ಆರಿಸಿರುವ ಸಾಧ್ಯತೆ ಇದೆ. ಬ್ಯಾಟರಿ ತೆಗೆದು ಹಾಕಿದರೂ ಕೆಲವು ವಾಹನಗಳಲ್ಲಿ ಹೀಗಾಗುತ್ತದೆ, ಆದ್ದರಿಂದ ಕೇಳಿ ತಿಳಿಯಿರಿ.

ಉತ್ತರ 3

ಎಲ್ಲರೂ ಎಂಜಿನ್ ಸುತ್ತಲೇ ಸುತ್ತುತ್ತಿದ್ದೀರಿ. ಎಂಜಿನ್ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಷಾಸಿಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ವ್ಯಾನನ್ನು ಲಿಫ್ಟಿನ ಮೇಲೇರಿಸಿ ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಸ್ಪ್ರಿಂಗ್ ಕೂರುವ ಜಾಗ, ಬ್ರೇಕ್ ಪೈಪುಗಳನ್ನು ಟಾರ್ಚ್ ಹಾಕಿ ನೋಡಿ. ಸರಕಿನ ಜಾಗದಲ್ಲಿ ಪ್ಲೈವುಡ್ ಹಾಸಿದ್ದರೆ ಒಂದು ಮೂಲೆಯನ್ನಾದರೂ ಎತ್ತಿಸಿ, ಏಕೆಂದರೆ ಅದರಡಿಯಲ್ಲಿ ನಿಂತ ನೀರು ಹೊರಗೆ ಕಾಣುವುದಿಲ್ಲ.

ಮಿತಿ ಮೀರಿ ಹೊರೆ ಹೊತ್ತ ವ್ಯಾನಿನಲ್ಲಿ ಲೀಫ್ ಸ್ಪ್ರಿಂಗುಗಳು ಚಪ್ಪಟೆಯಾಗಿರುತ್ತವೆ ಅಥವಾ ಒಂದು ಪ್ಲೇಟ್ ಸೀಳಿರುತ್ತದೆ. ಖಾಲಿ ನಿಂತಾಗಲೂ ಹಿಂಭಾಗ ಒಂದು ಕಡೆಗೆ ವಾಲಿದ್ದರೆ ಅದನ್ನು ಗಮನಿಸಿ. ನಿಮ್ಮದು ಹಿಂಬದಿ ಚಾಲನೆಯಾದ್ದರಿಂದ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಚಾಲನೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳನ್ನು ಕೈಯಿಂದ ತಿರುಗಿಸಿ ಸಡಿಲವಿದೆಯೇ ಎಂದು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಹಿಂದಿನಿಂದ ಕೇಳುವ ಊಳಿಡುವ ಸದ್ದು ಬದಲಾದರೆ ಡಿಫರೆನ್ಷಿಯಲ್‌ನ (ಹಿಂದಿನ ಎರಡು ಚಕ್ರಗಳಿಗೆ ಚಾಲನೆ ಹಂಚುವ ಗೇರ್ ಪೆಟ್ಟಿಗೆಯ) ಕ್ರೌನ್ ಪಿನಿಯನ್ ಗೇರುಗಳು ಸವೆದಿರಬಹುದು. ವೇಗದೊಂದಿಗೆ ಏರಿ, ಸ್ಟಿಯರಿಂಗ್ ಓರೆ ಮಾಡಿದಾಗ ಬದಲಾಗುವ ಗುಂಯ್ ಸದ್ದು ಚಕ್ರದ ಬೇರಿಂಗಿನದು.

ನಿಮ್ಮ ಎರಡರಲ್ಲಿ ನನ್ನ ಒಲವು ಹೆದ್ದಾರಿಯದರ ಕಡೆಗಿದೆ, ಆದರೆ ಬೆಲ್ಟಿನ ಬಿಲ್ ಕೈಗೆ ಸಿಕ್ಕಿದರೆ ಮಾತ್ರ. ಸಿಗದಿದ್ದರೆ ಬೆಲ್ಟ್ ಹಾಗೂ ಅದರ ಜೊತೆಗೇ ಬದಲಿಸುವ ವಾಟರ್ ಪಂಪ್, ಟೆನ್ಷನರುಗಳ ವೆಚ್ಚವನ್ನು ಬೆಲೆಯಿಂದ ಕಳೆದು ಮಾತಾಡಿ, ಕೊಂಡ ಕೂಡಲೇ ಬದಲಿಸಿಬಿಡಿ.