ಬೇಬಿ ಕ್ಯಾರಿಯರ್: ನನಗೆ ಭುಜ ನೋವು, ಮಗುವಿನ ಕಾಲು ಜೋತಾಡುತ್ತೆ. ಹೊಸದು ತಗೋಬೇಕಾ?

ದಾವಣಗೆರೆ_ಅಮ್ಮ
ಮಗನಿಗೆ ನಾಲ್ಕು ತಿಂಗಳು ತುಂಬಿದೆ, ತೂಕ ಆರೂವರೆ ಕೆ.ಜಿ. ನಾದಿನಿ ಕೊಟ್ಟ ಬಕಲ್ ಕ್ಯಾರಿಯರ್ (ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ) ಇದೆ. ಅವನ ಮುಖ ನನ್ನ ಎದೆ ಕಡೆ ಇರುವಂತೆ ಹಾಕಿಕೊಳ್ಳುತ್ತೇನೆ. ತರಕಾರಿ ತಂದು ವಾಪಸ್ ಬರುವಷ್ಟರಲ್ಲಿ ಭುಜ, ಕತ್ತು ಎರಡೂ ಹಿಡಿದುಕೊಂಡಿರುತ್ತೆ. ಅವನ ಕಾಲು ನೆಟ್ಟಗೆ ಕೆಳಗೆ ಜೋತಾಡುತ್ತೆ, ತೊಡೆ ಸಂದಿಯಲ್ಲಿ ಕೆಂಪು ಗುರುತು ಬೀಳುತ್ತೆ. ನಿದ್ದೆ ಹತ್ತಿದರೆ ಒಳಗೆ ಕುಸಿದು ಗದ್ದ ಎದೆಗೆ ಒತ್ತಿಕೊಳ್ಳುತ್ತೆ. ನನಗೆ ಸಿಸೇರಿಯನ್ ಆಗಿದೆ, ಅದಕ್ಕೇ ಸೊಂಟದ ಬೆಲ್ಟನ್ನು ಕೆಳಗೆ, ಸಡಿಲವಾಗಿ ಕಟ್ಟುತ್ತೇನೆ. ಇದನ್ನೇ ಸರಿ ಮಾಡಬಹುದಾ?

ಮೈಸೂರು_ಮಲ್ಲಿಗೆ
ಮೊದಲು ಗದ್ದದ ವಿಷಯ, ಉಳಿದದ್ದು ಆಮೇಲೆ. ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ. ಇಷ್ಟು ಚಿಕ್ಕ ಮಕ್ಕಳಿಗೆ ಸದ್ದೇ ಇಲ್ಲದೆ ಉಸಿರು ಕಟ್ಟಬಹುದು. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸ್ಲಿಂಗ್‌ಗಳ (ಮಗುವನ್ನು ಹೊರಲು ಭುಜಕ್ಕೆ ಜೋಲಿಯಂತೆ ಹಾಕುವ ಬಟ್ಟೆ) ಬಗ್ಗೆ ಎಚ್ಚರಿಕೆ ಕೊಟ್ಟಾಗ ಇದನ್ನೂ ಹೇಳಿತ್ತು. ಗದ್ದದ ಕೆಳಗೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಲೇಬೇಕು. ನೀವು ತಲೆ ಬಗ್ಗಿಸಿದರೆ ಅವನ ನೆತ್ತಿಗೆ ಮುತ್ತು ಕೊಡುವಷ್ಟು ಮೇಲೆ ಕೂರಬೇಕು. ಎಷ್ಟೇ ಬಿಸಿಲಿರಲಿ, ಮುಖದ ಮೇಲೆ ಸೆರಗು, ದುಪಟ್ಟಾ ಹೊದಿಸಬೇಡಿ.

ಅವನು ಕುಸಿಯೋದಕ್ಕೂ ನಿಮ್ಮ ಭುಜ ನೋವಿಗೂ ಕಾರಣ ಒಂದೇ, ಬೆಲ್ಟ್. ಸಡಿಲ ಬಿಟ್ಟರೆ ಪೂರ್ತಿ ಭಾರ ಭುಜಕ್ಕೇ ಬರುತ್ತೆ. ಸಿಸೇರಿಯನ್ ಗಾಯ ಕೆಳಹೊಟ್ಟೆಯಲ್ಲಿರುತ್ತೆ ಅಲ್ವಾ? ಕೆಳಗೆ ಕಟ್ಟಿದರೇ ಅದಕ್ಕೆ ಉಜ್ಜೋದು. ಬೆಲ್ಟ್ ಹೊಕ್ಕುಳ ಮಟ್ಟಕ್ಕೆ ಬರಲಿ. ಮೊದಲು ಅದನ್ನು ಬಿಗಿ ಮಾಡಿ, ಆಮೇಲೆ ಮಗುವನ್ನು ಕೂರಿಸಿ, ಕೊನೆಗೆ ಭುಜದ ಪಟ್ಟಿ ಎಳೆಯಿರಿ. ಬೆನ್ನ ಹಿಂದಿನ ಅಡ್ಡ ಪಟ್ಟಿಯನ್ನು ತುಂಬ ಜನ ಕತ್ತಿನ ಬುಡದಲ್ಲೇ ಬಿಟ್ಟಿರುತ್ತಾರೆ. ಅದನ್ನು ಎರಡು ಹೆಗಲ ಮೂಳೆಗಳ ನಡುವೆ ಇಳಿಸಿ. ಎಲ್ಲ ಆದ ಮೇಲೆ ಅವನ ಬೆನ್ನಿಗೆ ಕೈ ಕೊಟ್ಟು ಸ್ವಲ್ಪ ಮುಂದಕ್ಕೆ ಬಾಗಿ. ಅವನು ನಿಮ್ಮ ಎದೆ ಬಿಟ್ಟು ದೂರ ಹೋದರೆ ಇನ್ನೂ ಸಡಿಲ ಇದೆ ಅಂತ ಅರ್ಥ.

ಕಾಲು ಜೋತಾಡೋದು ಸೀಟು ಕಿರಿದಾಗಿರೋದಕ್ಕೆ. ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿವರೆಗೆ ಆಧಾರ ಕೊಡಬೇಕು, ಮಂಡಿ ಅಂಡಿಗಿಂತ ಮೇಲಿರಬೇಕು. ಸದ್ಯಕ್ಕೆ ಒಂದು ಹತ್ತಿ ದುಪಟ್ಟಾ ತಗೊಳ್ಳಿ. ಕ್ಯಾರಿಯರ್ ಹೊರಗಿನಿಂದ ಅವನ ಅಂಡಿನ ಕೆಳಗೆ ಹಾಯಿಸಿ, ಎರಡೂ ತೊಡೆಗಳಡಿ ಮಂಡಿವರೆಗೆ ಹರಡಿ, ತುದಿಗಳನ್ನು ನಿಮ್ಮ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿ. ಇದರಿಂದ ಸೀಟು ಅಗಲವಾಗುತ್ತೆ, ಅಷ್ಟೇ. ಭಾರ ಬಕಲ್ ಮೇಲೇ ಇರಬೇಕು, ದುಪಟ್ಟಾ ಮೇಲಲ್ಲ.

ಹುಬ್ಬಳ್ಳಿ_ಅಪ್ಪ
ನಮ್ಮವ್ವ ಕಾಲು ಅಗಲಿಸಿ ಕೂರಿಸಿದರೆ ಸೊಟ್ಟ ಆಗ್ತಾವ ಅಂತಾಳ್ರೀ. ಇನ್ನೊಂದು ಪ್ರಶ್ನೆ, ಸ್ಕೂಟರ್ ಮೇಲೆ ಇದನ್ನೇ ಹಾಕಿಕೊಂಡು ಹೋಗಬಹುದಾ?

ಮೈಸೂರು_ಮಲ್ಲಿಗೆ
ಅವ್ವನಿಗೆ ಧೈರ್ಯವಾಗಿ ಹೇಳಿ, ಸೊಟ್ಟ ಆಗಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಾಗಲೂ ಕಾಲು ಹಾಗೇ ಇರುತ್ತಲ್ಲ! ಕಾಲು ನೆಟ್ಟಗೆ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತೋದೇ ಸೊಂಟದ ಕೀಲಿಗೆ ಒಳ್ಳೆಯದಲ್ಲ.

ಸ್ಕೂಟರ್ ಮಾತ್ರ ಬೇಡವೇ ಬೇಡ. ಬಿದ್ದರೆ ನಿಮ್ಮ ಮೈಭಾರ ಪೂರ್ತಿ ಮಗುವಿನ ಮೇಲೆ. 2022ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಬೆಲ್ಟು, ಒಂಬತ್ತು ತಿಂಗಳು ದಾಟಿದವರಿಗೆ ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮಿತಿ ಇದೆ. ಅದರಲ್ಲಿ ಹೇಳಿರುವ ಬೆಲ್ಟು ಬೇರೆ, ಎದೆಗೆ ಕಟ್ಟುವ ಕ್ಯಾರಿಯರ್ ಬೇರೆ. ಕಾರಿನಲ್ಲೂ ಇದು ಕಾರ್ ಸೀಟಿನ ಬದಲಿಗೆ ಆಗಲ್ಲ.

ದಾವಣಗೆರೆ_ಅಮ್ಮ
ಬೆಲ್ಟ್ ಮೇಲಕ್ಕೆ ತಂದೆ, ಹಿಂದಿನ ಪಟ್ಟಿ ಇಳಿಸಿದೆ. ಭುಜದ ಭಾರ ನಿಜವಾಗಲೂ ಇಳಿಯಿತು. ಈಗ ಗದ್ದವೂ ಮೇಲೇ ನಿಲ್ಲುತ್ತೆ. ದುಪಟ್ಟಾ ಕಟ್ಟಿದರೆ ಕಾಲೂ ಸರಿಯಾಗಿ ಮಡಚುತ್ತಾನೆ, ಆದರೆ ಇಬ್ಬರೂ ಬೆವತು ಹೋಗುತ್ತೇವೆ. ಅವನನ್ನು ರಸ್ತೆ ಕಡೆ ಮುಖ ಮಾಡಿ ಕೂರಿಸಿದರೆ ಸೆಕೆ ಕಮ್ಮಿ ಆಗುತ್ತಾ?

ಮೈಸೂರು_ಮಲ್ಲಿಗೆ
ಈಗಲೇ ಬೇಡ ಅಕ್ಕ. ಕತ್ತು ಪೂರ್ತಿ ನಿಲ್ಲಬೇಕು, ಕ್ಯಾರಿಯರ್ ಕೂಡ ಅದಕ್ಕೆ ಅಂತಲೇ ಮಾಡಿದ್ದಿರಬೇಕು. ಆಗಲೂ ಸ್ವಲ್ಪ ಹೊತ್ತು ಮಾತ್ರ, ನಿದ್ದೆ ಬಂತೆಂದರೆ ಒಳಮುಖಕ್ಕೆ ತಿರುಗಿಸಿ. ಸೆಕೆಗೆ ಅವನಿಗೆ ತೆಳ್ಳನೆ ಹತ್ತಿ ಜಬಲಾ ಸಾಕು, ಕ್ಯಾರಿಯರ್ರೇ ಒಂದು ಪದರ ಬಟ್ಟೆ. ಮಾರ್ಕೆಟ್ಟಿಗೆ ಬೆಳಗ್ಗೆಯೇ ಹೋಗಿ ಬನ್ನಿ. ಮುಂದೆ ಹೊಸದು ಕೊಂಡರೆ ಸೀಟಿನ ಅಗಲ ಹೆಚ್ಚು ಕಮ್ಮಿ ಮಾಡಬಹುದಾದ್ದನ್ನೇ ನೋಡಿ, ದುಪಟ್ಟಾ ಕಟ್ಟುವ ಕೆಲಸ ತಪ್ಪುತ್ತೆ.