ಅಪ್‌ಡೇಟ್: ಯಕ್ಷಗಾನದ ಡಿವಿಡಿ ಈಗ ಹಳೆಯ ಪ್ಲೇಯರಿನಲ್ಲೂ ಓಡುತ್ತಿದೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬರೆದ ಯಕ್ಷಗಾನದ ಡಿವಿಡಿ ಕಂಪ್ಯೂಟರಿನಲ್ಲಿ ತೆರೆದುಕೊಂಡರೂ ದೊಡ್ಡಪ್ಪನವರ ಹಳೆಯ ಪ್ಲೇಯರ್ ಅದನ್ನು ಓದುತ್ತಿಲ್ಲವೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು, ತೊಂದರೆ ಪರಿಹಾರವಾಗಿದೆ.

ನಿಮ್ಮಲ್ಲಿ ಹಲವರು ಊಹಿಸಿದಂತೆಯೇ, ತಂತ್ರಾಂಶವು ಎಂಪಿ4 ಕಡತವನ್ನು ಇದ್ದ ಹಾಗೆಯೇ ಡೇಟಾ ಡಿಸ್ಕಿನ ರೂಪದಲ್ಲಿ ಬರೆದಿತ್ತು. ಅಂಥ ಪ್ಲೇಯರುಗಳಿಗೆ ಬೇಕಾದದ್ದು ಡಿವಿಡಿ-ವಿಡಿಯೊ ಡಿಸ್ಕ್: ಪಾಲ್ (ಭಾರತದಲ್ಲಿ ಬಳಸುವ ಟಿವಿ ಚಿತ್ರದ ಮಾನಕ) ಪದ್ಧತಿಯಲ್ಲಾದರೆ 720×576 ಅಳತೆಯ, ಸೆಕೆಂಡಿಗೆ 25 ಫ್ರೇಮುಗಳ ಎಂಪೆಗ್-2 ಎಂಬ ಸಂಕುಚನ ವಿಧಾನದ ಚಿತ್ರ, 48 ಕಿಲೋಹರ್ಟ್ಸ್ ಧ್ವನಿ, ಮತ್ತು ಇವೆಲ್ಲವೂ ವಿಡಿಯೊ_ಟಿಎಸ್ ಫೋಲ್ಡರಿನೊಳಗೆ. ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶದಿಂದ ಮೊದಲು ಐಎಸ್‌ಒ ಕಡತ (ಇಡೀ ಡಿಸ್ಕಿನ ಪ್ರತಿರೂಪವಾದ ಒಂದೇ ಕಡತ) ಮಾಡಿಕೊಂಡು, ಅದನ್ನು ಕಂಪ್ಯೂಟರಿನಲ್ಲೇ ನೋಡಿ ಪರೀಕ್ಷಿಸಿ, ಬಳಿಕವೇ ಡಿಸ್ಕಿಗೆ ಬರೆದು ಫೈನಲೈಸ್ ಮಾಡಿದೆ (ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರವಣಿಗೆಯನ್ನು ಮುಕ್ತಾಯಗೊಳಿಸಿದೆ). ಹೀಗೆ ಎರಡು ಹಂತ ಮಾಡಿಕೊಂಡರೆ ದೋಷ ಕಡತದಲ್ಲಿದೆಯೋ ಡಿಸ್ಕಿನಲ್ಲಿದೆಯೋ ಎಂಬುದು ಸ್ಪಷ್ಟವಾಗುತ್ತದೆ. ನನಗೆ ಅತ್ಯಂತ ಉಪಯುಕ್ತವೆನಿಸಿದ ಸಲಹೆ ಇದೇ.

ಆದರೆ ಹೊಸ ಡಿಸ್ಕಿನಲ್ಲಿ ಪ್ರಸಂಗದ ಕೊನೆಯ ಭಾಗ ಬಂದಾಗ ಚಿತ್ರ ತಡೆತಡೆದು ನಿಲ್ಲುತ್ತಿತ್ತು, ಭಾಗವತರ ಪದ ನಡುವೆಯೇ ತುಂಡಾಗುತ್ತಿತ್ತು. ಡಿಸ್ಕನ್ನು ಒಳಗಿನಿಂದ ಹೊರಗೆ ಬರೆಯಲಾಗುವುದರಿಂದ ಕೊನೆಯ ಭಾಗ ಹೊರ ಅಂಚಿಗೆ ಬೀಳುತ್ತದೆ. ಅಂಚಿನವರೆಗೂ ತುಂಬಿ ಗರಿಷ್ಠ ವೇಗದಲ್ಲಿ ಬರೆದಾಗ ದೋಷ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. 4.7 ಜಿಬಿಯ ಡಿಸ್ಕಿನಲ್ಲಿ ಎರಡು ಗಂಟೆ ಹಿಡಿಸಬೇಕಾದರೆ ಚಿತ್ರ ಮತ್ತು ಧ್ವನಿ ಸೇರಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಮಾತ್ರ ಸಿಗುತ್ತದೆ; ಇನ್ನೂ ಹೆಚ್ಚು ಹೊತ್ತು ತುಂಬಿದರೆ ಚಿತ್ರದ ಗುಣಮಟ್ಟ ಕುಗ್ಗುತ್ತದೆ. ಆದ್ದರಿಂದ ಇಡೀ ರಾತ್ರಿಯ ಆಟವನ್ನು ಹೆಚ್ಚು ಡಿಸ್ಕುಗಳಿಗೆ ಹಂಚಿ, ಅಂಚನ್ನು ಖಾಲಿ ಬಿಟ್ಟು, ಬರೆಯುವ ವೇಗವನ್ನು 16xನಿಂದ 8xಗೆ ಇಳಿಸಿದೆ. ಈಗ ಮಂಗಳದವರೆಗೂ ಎಲ್ಲಿಯೂ ನಿಲ್ಲದೆ ಓಡುತ್ತಿದೆ.